ಗುಜರಿ ಅಂಗಡಿಗೆ ಕಟ್ಟುಪಾಡು ಹಾಕಿ, ಬರವಣಿಗೆಯಲ್ಲಿ ಹಾಕಿ: ಮಂಡ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಜಮೀನಿನಲ್ಲಿ ಪಂಪ್‌ಸೆಟ್ ಕೇಬಲ್ ಕಳುವಾದರೆ ಪೊಲೀಸರು ಮೊದಲು ಬರುವುದು ಗುಜರಿ ಅಂಗಡಿಗೆ. ಬರಬೇಕಾದ್ದೇ. ಕದ್ದ ತಾಮ್ರವನ್ನು ಯಾರೂ ಮನೆಯಲ್ಲಿಟ್ಟು ಪೂಜೆ ಮಾಡುವುದಿಲ್ಲ, ಅದು ಎಲ್ಲೋ ಒಂದು ಕಡೆ ತೂಕಕ್ಕೆ ಬಿದ್ದೇ ಬೀಳುತ್ತದೆ. ಆದ್ದರಿಂದ ಹಳೇ ಸಾಮಾನಿನ ವ್ಯಾಪಾರಕ್ಕೆ ಕಟ್ಟುಪಾಡೇ ಬೇಡ ಎಂದು ಕೇಳಲು ಮಂಡ್ಯದ ಗುಜರಿ ವ್ಯಾಪಾರಿಗಳಾದ ನಾವು ಈ ಪತ್ರ ಬರೆಯುತ್ತಿಲ್ಲ. ಈಗಿರುವ ಕಟ್ಟುಪಾಡುಗಳು ಬಹುಪಾಲು ಬಾಯಿಮಾತಿನವು, ಠಾಣೆಯಿಂದ ಠಾಣೆಗೆ ಬದಲಾಗುತ್ತವೆ. ಇಡೀ ಜಿಲ್ಲೆಗೆ ಒಂದೇ ನಮೂನೆಯ ಖರೀದಿ ಪುಸ್ತಕ, ಯಾವ ಮಾಲನ್ನು ಎಷ್ಟು ದಿನ ಮುಟ್ಟದೆ ಇಡಬೇಕೆಂಬ ಪಟ್ಟಿ, ಜಪ್ತಿಗೊಂದು ಕ್ರಮ ಇವಿಷ್ಟನ್ನು ಬರವಣಿಗೆಯಲ್ಲಿ ಕೊಡಿಸಿ.

ಕಾನೂನಿನ ಮಾತು ಮೊದಲು. ಕಳವು ಮಾಲೆಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 317(2)ರಂತೆ 3 ವರ್ಷದವರೆಗೆ ಸೆರೆವಾಸ. ಅದನ್ನೇ ಕಸುಬು ಮಾಡಿಕೊಂಡವನಿಗೆ ಜೀವಾವಧಿಯವರೆಗೂ ಆಗಬಹುದು. ಕಳುವಾದ ಸ್ವಲ್ಪ ದಿನದಲ್ಲೇ ಮಾಲು ಯಾರ ಬಳಿ ಸಿಕ್ಕಿತೋ ಅವನು ಅದು ಬಂದ ಬಗೆಗೆ ಸರಿಯಾದ ಲೆಕ್ಕ ಕೊಡದಿದ್ದರೆ, ಒಂದೋ ಕಳ್ಳ ಇಲ್ಲವೇ ತಿಳಿದೇ ಕೊಂಡವನು ಎಂದು ನ್ಯಾಯಾಲಯ ಭಾವಿಸಬಹುದು ಎನ್ನುತ್ತದೆ ಸಾಕ್ಷ್ಯ ಕಾನೂನು. ಜೊತೆಗೆ 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಕಳ್ಳನಿಂದ ಕೊಂಡವನಿಗೆ ಮಾಲಿನ ಹಕ್ಕೇ ಬರುವುದಿಲ್ಲ. ಮಾಲು ವಾರಸುದಾರರಿಗೆ ಹೋಗುತ್ತದೆ, ಕೊಟ್ಟ ದುಡ್ಡು ನೀರಿಗೆ ಹೋಗುತ್ತದೆ. ಎಲ್ಲವೂ ನಿಂತಿರುವುದು ಆ 'ಲೆಕ್ಕ ಕೊಡುವುದರ' ಮೇಲೆ. ಆದರೆ ಆ ಲೆಕ್ಕ ಹೇಗಿರಬೇಕೆಂದು ನಮ್ಮ ಜಿಲ್ಲೆಯ ಅಂಗಡಿಯವರಿಗೆ ಕಾಗದದಲ್ಲಿ ಯಾರೂ ಕೊಟ್ಟಿಲ್ಲ. ಒಂದು ಕಡೆ ಆಧಾರ್ ಜೆರಾಕ್ಸ್ ಸಾಕು, ಇನ್ನೊಂದು ಕಡೆ ಫೋಟೋ ಬೇಕು, ಮತ್ತೊಂದು ಕಡೆ ಸಿಸಿಟಿವಿ ಇಲ್ಲದಿದ್ದರೆ ಬಾಗಿಲು ಹಾಕಿ ಎನ್ನುತ್ತಾರೆ. ತಮಿಳುನಾಡಿನಲ್ಲಿ ಗುಜರಿ ಮತ್ತು ಹಳೇ ಸಾಮಾನಿನ ವ್ಯಾಪಾರಿಗಳಿಗೆಂದೇ 1985ರಲ್ಲಿ ಪರವಾನಗಿ ಕಾಯ್ದೆ ಬಂತು. ಅಷ್ಟು ದೊಡ್ಡದನ್ನು ನಾವು ಕೇಳುತ್ತಿಲ್ಲ.

ತಾಮ್ರವನ್ನೇ ನೋಡಿ. ಮೋಟಾರಿಗೆ ಹೊಸ ತಂತಿ ಸುತ್ತುವ ರೀವೈಂಡಿಂಗ್ ಅಂಗಡಿಯಿಂದ ಬರುವ ಹಳೇ ತಂತಿ ಮೋಟಾರಿನ ಸ್ಲಾಟಿನ ಆಕಾರಕ್ಕೆ ಬಾಗಿ, ವಾರ್ನಿಷ್ ಅಂಟಿಕೊಂಡು, ಗಂಟುಗಂಟಾಗಿರುತ್ತದೆ. ರೈತರು ತಾವೇ ಬದಲಾಯಿಸಿ ತರುವ ಬೋರ್‌ವೆಲ್ಲಿನ ಮೂರು ಕೋರ್ ಚಪ್ಪಟೆ ಕೇಬಲ್ ಉದ್ದಕ್ಕಿರುತ್ತದೆ. ಹೊದಿಕೆ ಬಿರುಕು ಬಿಟ್ಟಿರುತ್ತದೆ, ಅಲ್ಲಲ್ಲಿ ಟೇಪ್ ಸುತ್ತಿದ ಜಾಯಿಂಟ್ ಇರುತ್ತದೆ. ಕದ್ದದ್ದು ಬರುವುದು ಗಜ, ಎರಡು ಗಜದ ತುಂಡುಗಳಾಗಿ, ತುದಿಗಳು ಹೊಸದಾಗಿ ಕತ್ತರಿಸಿ ಹೊಳೆಯುತ್ತಾ, ಹೊದಿಕೆ ಇನ್ನೂ ಗಟ್ಟಿಯಾಗಿ. ಇಲ್ಲವೇ ಬದುವಿನಲ್ಲೇ ಸುಟ್ಟು ಹೊದಿಕೆ ತೆಗೆದ ತಂತಿಯಾಗಿ: ಕಪ್ಪಗೆ, ಮಸಿ ಹಿಡಿದು, ಬಗ್ಗಿಸಿದರೆ ಬೂದಿ ಉದುರುವ ಹಾಗೆ. ಸುಟ್ಟ ತಾಮ್ರಕ್ಕೆ ಸುಲಿದ ತಾಮ್ರಕ್ಕಿಂತ ಕೆಜಿಗೆ ಕಡಿಮೆ ದರ. ತನ್ನದೇ ಕೇಬಲ್ ಆದವನು ಸುಟ್ಟು ದರ ಕಳೆದುಕೊಳ್ಳಲಾರ. ಸುಲಿಯಲು ಬೇಸರಪಟ್ಟು ಸುಡುವ, ಗುಜರಿ ಆಯುವವರೂ ಇದ್ದಾರೆ, ನಿಜ. ಆದರೆ ಒಂದೇ ಸಲಕ್ಕೆ ಹತ್ತು ಕೆಜಿ ಸುಟ್ಟ ತಂತಿ ಬಂದಾಗ ಮಾತಿಲ್ಲದೆ ತಕ್ಕಡಿಗೆ ಹಾಕುವವನ ಪರ ನಾವು ನಿಲ್ಲುವುದಿಲ್ಲ. ನಮ್ಮ ಸಲಹೆ ನೇರವಾದದ್ದು: ಜಿಲ್ಲೆಯಲ್ಲಿ ಸುಟ್ಟ ತಾಮ್ರ ಕೊಳ್ಳುವುದನ್ನೇ ನಿಲ್ಲಿಸಿ. ಗುರುತು ಅಳಿಸುವ ದಾರಿಯೇ ಬೆಂಕಿ. ಅದನ್ನು ಮುಚ್ಚಿದರೆ ಕಳ್ಳನಿಗೆ ಕೂತು ಸುಲಿಯುವ ಕೆಲಸ ಉಳಿಯುತ್ತದೆ, ರಾತ್ರೋರಾತ್ರಿ ಅದು ಆಗುವಂಥದ್ದಲ್ಲ.

ಕಂಬದ ತಂತಿಯ ವಿಷಯದಲ್ಲಂತೂ ಯೋಚಿಸುವುದೇ ಬೇಡ. ನಡುವೆ ಉಕ್ಕಿನ ಎಳೆ, ಸುತ್ತ ಅಲ್ಯೂಮಿನಿಯಂ ಎಳೆಗಳಿದ್ದರೆ ಅದು ವಿದ್ಯುತ್ ಲೈನಿನದು. ಹರಾಜಿನ ಕಾಗದವಿಲ್ಲದೆ ಅದನ್ನು ಮುಟ್ಟಬಾರದು. 2003ರ ವಿದ್ಯುತ್ ಕಾಯ್ದೆಯ ಕಲಂ 137 ಕೊಂಡವನಿಗೇ ಬರೆದಿರುವ ಶಿಕ್ಷೆ. ಮದ್ದೂರು, ಮಂಡ್ಯ, ಪಾಂಡವಪುರದ ಮೇಲೆ ಹಾದುಹೋಗುವ ರೈಲು ಹಳಿಯ ಕ್ಲಿಪ್ಪು, ಹಳಿಗಳನ್ನು ಜೋಡಿಸುವ ಫಿಶ್‌ಪ್ಲೇಟುಗಳದ್ದೂ ಇದೇ ಕಥೆ. 1966ರ ರೈಲ್ವೆ ಸ್ವತ್ತು ಕಾಯ್ದೆಯಲ್ಲಿ ಮಾಲು ನ್ಯಾಯವಾಗಿ ಬಂತೆಂದು ತೋರಿಸುವ ಹೊಣೆ ಇಟ್ಟುಕೊಂಡವನದೇ. ಇವೆರಡನ್ನೂ ಅಂಗಡಿ ಗೋಡೆಗೆ ಹಚ್ಚುವ ಒಂದು ಹಾಳೆಯಲ್ಲಿ ಚಿತ್ರಸಹಿತ ಅಚ್ಚು ಹಾಕಿಸಿ. ಕೆಲಸದ ಹುಡುಗರಿಗೆ ಕಲಂ ಸಂಖ್ಯೆ ಅರ್ಥವಾಗದು, ಚಿತ್ರ ಅರ್ಥವಾಗುತ್ತದೆ.

ಇನ್ನು ಪುಸ್ತಕ. ಪುಟಗಳಿಗೆ ಅಚ್ಚಿನ ಸಂಖ್ಯೆ, ಮೊದಲ ಪುಟದಲ್ಲಿ ಠಾಣೆಯ ಮೊಹರು. ಕಾಲಂಗಳು ಇವು: ದಿನಾಂಕ ಮತ್ತು ಗಂಟೆ, ಮಾರಿದವರ ಹೆಸರು, ಊರು, ಮೊಬೈಲ್, ಗುರುತಿನ ಚೀಟಿ ಯಾವುದು ಮತ್ತು ಅದರ ಕೊನೆಯ ನಾಲ್ಕು ಅಂಕಿ, ತಂದ ವಾಹನದ ನಂಬರು, ಮಾಲಿನ ವಿವರ, ತೂಕ, ದರ, ಸಹಿ ಅಥವಾ ಹೆಬ್ಬೆಟ್ಟು. ಆಧಾರ್ ಜೆರಾಕ್ಸಿನ ಕಟ್ಟು ಅಂಗಡಿಯಲ್ಲಿ ರಾಶಿ ಬಿದ್ದರೆ ಯಾರಿಗೂ ಕ್ಷೇಮವಲ್ಲ, ನಾಲ್ಕು ಅಂಕಿ ಸಾಕು. ಎಡವಟ್ಟಾಗುವುದು ವಿವರದ ಕಾಲಂನಲ್ಲಿ. 'ಹಳೇ ಮೋಟಾರ್ 1' ಎಂದು ಬರೆದರೆ ನ್ಯಾಯಾಲಯದಲ್ಲಿ ಅದಕ್ಕೆ ಕಾಸಿನ ಬೆಲೆಯಿಲ್ಲ. ಎಷ್ಟು ಎಚ್‌ಪಿ, ಯಾವ ಕಂಪನಿ, ನೇಮ್‌ಪ್ಲೇಟಿನ ಸೀರಿಯಲ್ ನಂಬರ್ ಎಷ್ಟು ಎಂದು ಬರೆಯಬೇಕು. ಪ್ಲೇಟು ಕಿತ್ತಿದ್ದರೆ 'ಪ್ಲೇಟು ಇಲ್ಲ' ಎಂದು ಬರೆದು ಫೋಟೋ ತೆಗೆಯಬೇಕು. ರೈತರೂ ತಮ್ಮ ಮೋಟಾರಿನ ನೇಮ್‌ಪ್ಲೇಟಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡರೆ ದೂರಿನಲ್ಲಿ ಅದೇ ನಂಬರು ಬರುತ್ತದೆ, ಎರಡನ್ನೂ ತಾಳೆ ನೋಡಬಹುದು. ತಾಮ್ರ, ಹಿತ್ತಾಳೆಗೆ ನಗದು ಬೇಡ, ಯುಪಿಐ ಅಥವಾ ಬ್ಯಾಂಕ್ ಮೂಲಕವೇ ಕೊಡಲಿ. 2024ರ ಅಕ್ಟೋಬರ್ 10ರಿಂದ ಜಿಎಸ್‌ಟಿ ನೋಂದಣಿ ಇರುವವರು ನೋಂದಣಿ ಇಲ್ಲದವರಿಂದ ಲೋಹದ ಗುಜರಿ ಕೊಂಡರೆ ತೆರಿಗೆಯನ್ನು ತಾವೇ ಕಟ್ಟಿ, ಬಿಲ್ಲನ್ನೂ ತಾವೇ ಬರೆಯಬೇಕು. ಆ ಬಿಲ್ಲಿನ ಸಂಖ್ಯೆಗೂ ಇದೇ ಪುಸ್ತಕದಲ್ಲಿ ಒಂದು ಕಾಲಂ ಕೊಟ್ಟರೆ ಠಾಣೆಗೊಂದು, ತೆರಿಗೆಗೊಂದು ಎಂದು ಎರಡು ಲೆಕ್ಕ ಇಡುವ ಪ್ರಸಂಗ ಬರುವುದಿಲ್ಲ.

ಎಲ್ಲ ಮಾಲನ್ನೂ ಹದಿನೈದು ದಿನ ಇಟ್ಟುಕೊಳ್ಳಿ ಎಂಬ ಮಾತು ಆಗಾಗ ಕೇಳುತ್ತೇವೆ. ರದ್ದಿ ಪೇಪರ್, ಬಾಟಲಿ, ತಗಡು, ಪ್ಲಾಸ್ಟಿಕ್‌ಗೆ ಇದು ಆಗದ ಮಾತು. ಎರಡೇ ದಿನಕ್ಕೆ ಅಂಗಡಿ ತುಂಬಿ ಮಾಲು ರಸ್ತೆಗೆ ಬರುತ್ತದೆ, ಆಗ ನಗರಸಭೆಯವರ ನೋಟಿಸ್ ಬರುತ್ತದೆ. ರದ್ದಿ ಮಳೆಗೆ ನೆಂದರೆ ಮಿಲ್ಲಿನವರು ತೇವಕ್ಕೆಂದು ತೂಕ ಕಡಿಯುತ್ತಾರೆ. ತಾಮ್ರ, ಹಿತ್ತಾಳೆ, ಪಂಪಿನ ಭಾಗಗಳು ಮತ್ತು ಮೊಬೈಲಿಗೆ 7 ದಿನ ಇಡಿಸಿ. ಜಾಗ ಹೆಚ್ಚು ಬೇಡ, ಪುಸ್ತಕದ ಕ್ರಮ ಸಂಖ್ಯೆಯ ಚೀಟಿ ಕಟ್ಟಿದ ಚೀಲ ಸಾಕು. ಏಳು ದಿನದಲ್ಲಿ ದರ ಇಳಿದರೆ ನಷ್ಟ ನಮ್ಮದು, ಅದಕ್ಕೆ ಒಪ್ಪಿದ್ದೇವೆ.

ಮೊಬೈಲಿಗೆ ಏಳು ದಿನ ಏಕೆಂದರೆ, *#06# ಒತ್ತಿ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ನೋಡಿ, ಇಂಗ್ಲಿಷಿನಲ್ಲಿ KYM ಎಂದು ಬರೆದು ಆ ನಂಬರಿನೊಂದಿಗೆ 14422ಕ್ಕೆ ಸಂದೇಶ ಕಳಿಸಿದರೆ ಬ್ಲಾಕ್ ಆಗಿದೆಯೇ ಎಂಬುದು ಗೊತ್ತಾಗುತ್ತದೆ, ಸರಿ. ಆದರೆ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಹೋದ ಫೋನು ಸಂಜೆ ಅಂಗಡಿಗೆ ಬಂದಾಗ ಮಾಲೀಕರು ದೂರು ಕೊಟ್ಟಿರುವುದೇ ಇಲ್ಲ, ಹಾಗಾಗಿ ಉತ್ತರ ಚೊಕ್ಕವಾಗಿಯೇ ಬರುತ್ತದೆ. ಕೊಳ್ಳುವಾಗ ಒಮ್ಮೆ, ಮಾರುವ ಮುನ್ನ ಇನ್ನೊಮ್ಮೆ ನೋಡಬೇಕು. ಎರಡು ಸಿಮ್ಮಿನ ಫೋನಾದರೆ ಎರಡೂ ಐಎಂಇಐ ನೋಡಬೇಕು. ಇದಕ್ಕಿಂತ ಗಟ್ಟಿ ಪರೀಕ್ಷೆ ಮಾರುವವನಿಂದಲೇ ನಮ್ಮೆದುರು ಫೋನಿನಲ್ಲಿರುವ ಗೂಗಲ್ ಖಾತೆಯನ್ನು ತೆಗೆದುಹಾಕಿಸುವುದು. ಪಾಸ್‌ವರ್ಡ್ ಮರೆತಿದೆ ಎಂದರೆ ಫೋನು ವಾಪಸ್.

ಜಪ್ತಿಯ ಮಾತು ಸ್ವಲ್ಪ ಕಹಿ. ಸಿಕ್ಕಿಬಿದ್ದವನು 'ಆ ಅಂಗಡಿಗೆ ಇಷ್ಟು ಕೆಜಿ ಕೊಟ್ಟೆ' ಎನ್ನುತ್ತಾನೆ. ಮಾಲು ಆಗಲೇ ಹೋಗಿದ್ದರೆ, ರಿಕವರಿ ತೋರಿಸಲು ಅಂಗಡಿಯಲ್ಲಿರುವ ಬೇರೆ ತಾಮ್ರವನ್ನೇ ಅಷ್ಟು ತೂಕ ಕೊಡಿ ಎಂಬ ಒತ್ತಾಯ ಕೆಲವೆಡೆ ಬರುತ್ತದೆ. ಅಂಗಡಿಯವನು ಕೇಸಿನ ಭಯಕ್ಕೆ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಇದರಿಂದ ರೈತನಿಗೂ ನ್ಯಾಯವಿಲ್ಲ. ಅವನದಲ್ಲದ ತಂತಿಯನ್ನು ಅವನದೆಂದು ಮಹಜರಿನಲ್ಲಿ ಬರೆದ ಕೇಸು ಪಾಟಿಸವಾಲಿಗೆ ನಿಲ್ಲುವುದಿಲ್ಲ. ಶೋಧ ಮತ್ತು ಜಪ್ತಿಯನ್ನು ವಿಡಿಯೋ ಮಾಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105 ಹೇಳುತ್ತದೆ. ಅದರಂತೆಯೇ ನಡೆಯಲಿ: ತಕ್ಕಡಿಯ ಅಂಕಿ ಕಾಣುವಂತೆ ವಿಡಿಯೋ, ಯಾವ ಪುಟದ ಯಾವ ಸಾಲಿನ ಮಾಲು ಎಂಬ ಉಲ್ಲೇಖ, ಮಹಜರಿನ ಪ್ರತಿ ಅಂಗಡಿಗೆ. ಪುಸ್ತಕವನ್ನೇ ಹೊತ್ತೊಯ್ದರೆ ನಮ್ಮ ಏಕೈಕ ರಕ್ಷಣೆಯೂ ಹೋಗುತ್ತದೆ, ಬೇಕಾದ ಪುಟದ ನಕಲು ತೆಗೆದುಕೊಳ್ಳಲಿ. ಮಾಲು ಠಾಣೆಯಲ್ಲಿ ತುಕ್ಕು ಹಿಡಿಯಬಾರದೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಈಗ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 497ರಲ್ಲಿ 14 ದಿನದೊಳಗೆ ನ್ಯಾಯಾಲಯ ಮಾಲಿನ ವಿವರಪಟ್ಟಿ ಮಾಡಬೇಕು, ಆಮೇಲೆ 30 ದಿನದೊಳಗೆ ವಿಲೇವಾರಿ ಆದೇಶ ಕೊಡಬೇಕು ಎಂದೂ ಇದೆ. ರೈತನ ಮೋಟಾರು ಬೆಳೆ ಒಣಗುವ ಮುಂಚೆ ಜಮೀನಿಗೆ ಮರಳಲು ಇಷ್ಟು ಸಾಕು.

ಸೈಕಲ್, ಟಿವಿಎಸ್ ಮೇಲೆ ಬೀದಿ ಸುತ್ತಿ ಮನೆಮನೆಯಿಂದ ಗುಜರಿ ತರುವವರನ್ನು ಮಾತ್ರ ಈ ಪುಸ್ತಕದ ಭಾರದಿಂದ ಬಿಡಿ. ಅವರು ಯಾವ ಮನೆಯ ಹೆಸರು ಬರೆದಾರು? ದಿನಕ್ಕೊಂದು ಸಾಲು, ಒಟ್ಟು ತೂಕ, ಅವರ ಹೆಸರು ಸಾಕು. ತಾಮ್ರ ಅಥವಾ ಮೋಟಾರಿನ ಭಾಗ ತಂದರೆ ಮಾತ್ರ ಪೂರ್ತಿ ವಿವರ. ಹದಿನೆಂಟು ತುಂಬದವರು ಮಾರಲು ಬಂದರೆ ಯಾವ ಮಾಲನ್ನೂ ಕೊಳ್ಳಬಾರದು, ಇದರಲ್ಲಿ ವಿನಾಯಿತಿ ಬೇಡ.

ಮುಂದಿನ ಕೆಡಿಪಿ (ಜಿಲ್ಲಾ ಪ್ರಗತಿ ಪರಿಶೀಲನಾ) ಸಭೆಗೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ, ವಿದ್ಯುತ್ ಕಂಪನಿ ಚೆಸ್ಕಾಂನ ಅಧಿಕಾರಿಗಳು ಮತ್ತು ಪೌರಾಯುಕ್ತರ ಮುಂದೆ ಈ ವಿಷಯ ಇಡಿಸಿ. ಕೇಬಲ್ ಕಳವಿನ ದೂರು ದಾಖಲಾದ ದಿನವೇ ಎಷ್ಟು ಮೀಟರ್, ಎಷ್ಟು ಕೋರ್, ಯಾವ ಕಂಪನಿ ಎಂಬ ವಿವರ ತಾಲ್ಲೂಕಿನ ಅಂಗಡಿಗಳಿಗೆ ವಾಟ್ಸ್‌ಆ್ಯಪಿನಲ್ಲಿ ತಲುಪಲಿ. ಅದಕ್ಕೆ ಹೊಸ ಕಾಯ್ದೆಯೂ ಬೇಡ, ಅನುದಾನವೂ ಬೇಡ. ಪುಸ್ತಕದ ಕರಡು ನಮೂನೆಯನ್ನು ನಾವೇ ಬರೆದು ತರುತ್ತೇವೆ, ಸಭೆಯ ದಿನಾಂಕ ತಿಳಿಸಿದರೆ ಸಾಕು.

ಇತಿ,
ಹಳೇ ಸಾಮಾನು, ಗುಜರಿ ಮತ್ತು ಹಳೇ ಮೊಬೈಲ್ ವ್ಯಾಪಾರಿಗಳು
ಮಂಡ್ಯ