ಖಾಲಿ ಬೀಳದ ಔಷಧ ಕಪಾಟು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಜಿಲ್ಲೆಯ ಆರೋಗ್ಯ ಯೋಜನೆ ಬರೆಯುವ ಕೆಲಸ ನಿನ್ನ ಪಾಲಿಗೆ ಬಂದಿದ್ದು ತಿಳಿದು ತುಂಬಾ ಸಂತೋಷವಾಯಿತು. ಬಡ ದೇಶದ ಬಜೆಟ್ಟಿನಲ್ಲಿ ಆರೋಗ್ಯಕ್ಕೆ ಸಿಗುವುದೇ ಚೂರುಪಾರು, ಸಂಬಳ ಕಳೆದರೆ ಉಳಿಯುವುದು ಇನ್ನೂ ಕಡಿಮೆ, ಇದರಲ್ಲಿ ಮೊದಲು ಯಾವುದಕ್ಕೆ ಕೈಹಾಕಲಿ ಎಂದು ಕೇಳಿದ್ದೀಯ. ಕೆಳಹಂತದ ಆರೋಗ್ಯ ಕೇಂದ್ರದಲ್ಲಿ ಔಷಧ ಒಂದು ದಿನವೂ ಖಾಲಿಯಾಗದಂತೆ ನೋಡಿಕೋ. ಮೊದಲ ಕೆಲಸ ಅದೇ. ಮಗುವನ್ನು ಎತ್ತಿಕೊಂಡು ಮೈಲಿಗಟ್ಟಲೆ ನಡೆದು ಬಂದ ತಾಯಿಗೆ ಎರಡು ಸಲ ‘ಔಷಧ ಬಂದಿಲ್ಲ’ ಎಂದು ಹೇಳಿ ಕಳಿಸಿದರೆ ಮೂರನೆಯ ಸಲ ಅವಳು ಬರುವುದಿಲ್ಲ. ಅವಳು ಬರದಿದ್ದರೆ ಮಗುವಿನ ಲಸಿಕೆಯೂ ತಪ್ಪಿತು, ಮುಂದಿನ ಬಸಿರಿನ ತಪಾಸಣೆಯೂ ತಪ್ಪಿತು. ನರ್ಸಿಗೆ ಕೊಡುವ ಸಂಬಳ ಮಾತ್ರ ತಪ್ಪುವುದಿಲ್ಲ.

ಆದರೆ ನಿನ್ನ ಮೇಜಿಗೆ ಮೊದಲು ಬರುವ ಒತ್ತಡ ಕಟ್ಟಡದ್ದು. ಶಂಕುಸ್ಥಾಪನೆಗೆ ಕಲ್ಲು ಸಿಗುತ್ತದೆ, ಔಷಧಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ದೊಡ್ಡ ಆಸ್ಪತ್ರೆ ಕಟ್ಟುವುದೆಂದರೆ ಆನೆ ತಂದ ಹಾಗೆ: ತರುವ ಖರ್ಚು ಒಂದು ಸಲದ್ದು, ಸಾಕುವ ಖರ್ಚು ಪ್ರತಿ ವರ್ಷದ್ದು. ಆದ್ದರಿಂದ ಕಟ್ಟಡ, ಯಂತ್ರ ಯಾವುದರ ಪ್ರಸ್ತಾವ ಬಂದರೂ ‘ಮುಂದಿನ ಐದು ವರ್ಷ ಇದನ್ನು ನಡೆಸುವ ಖರ್ಚೆಷ್ಟು, ಅದು ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ’ ಎಂದು ಕಡತದ ಮೇಲೆಯೇ ಬರೆದು ಕೇಳು. ಯಂತ್ರಗಳ ನಿರ್ವಹಣೆಗೆ ಅವುಗಳ ಬೆಲೆಯ ಶೇ 5ರಿಂದ 10ರಷ್ಟು ಪ್ರತಿ ವರ್ಷ ತೆಗೆದಿಡುವುದು ವಾಡಿಕೆಯ ಅಂದಾಜು. ದಾನವಾಗಿ ಬಂದ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ರೋಗಿಗೆ ಕೊಡುವ ಯಂತ್ರ) ಕೂಡ ಪುಕ್ಕಟೆಯಲ್ಲ. ಅದರ ಧೂಳಿನ ಫಿಲ್ಟರನ್ನು ವಾರವಾರ ತೊಳೆಯಬೇಕು, ವಿದ್ಯುತ್ ಏರಿಳಿತಕ್ಕೆ ಸ್ಟೆಬಿಲೈಸರ್ ಬೇಕು, ಹೊರಬರುವ ಗಾಳಿಯಲ್ಲಿ ಆಮ್ಲಜನಕ ಶೇ 82ಕ್ಕಿಂತ ಕೆಳಗಿಳಿದಿಲ್ಲವೆಂದು ಅಳೆದು ನೋಡಬೇಕು. ಇಷ್ಟನ್ನೂ ಮಾಡದಿದ್ದರೆ ಯಂತ್ರ ಗುರ್ ಎನ್ನುತ್ತಲೇ ಇರುತ್ತದೆ, ರೋಗಿಗೆ ಸಿಗುವುದು ಹೆಚ್ಚುಕಡಿಮೆ ಬರೀ ಗಾಳಿ.

ಥಾಯ್ಲೆಂಡ್ 1982ರಿಂದ 1986ರ ಯೋಜನಾ ಅವಧಿಯಲ್ಲಿ ನಗರದ ಆಸ್ಪತ್ರೆಗಳ ಹೊಸ ಬಂಡವಾಳ ವೆಚ್ಚವನ್ನು ತಡೆಹಿಡಿದು ಆ ಹಣವನ್ನು ಜಿಲ್ಲಾ ಆಸ್ಪತ್ರೆಗಳಿಗೂ ಹಳ್ಳಿಯ ಆರೋಗ್ಯ ಕೇಂದ್ರಗಳಿಗೂ ತಿರುಗಿಸಿತು. 1972ರಿಂದಲೇ ಹೊಸ ವೈದ್ಯರಿಗೆ ಸರ್ಕಾರಿ ಸೇವೆ ಕಡ್ಡಾಯವಾಗಿತ್ತು. ಹೀಗೆ ತಳ ಗಟ್ಟಿಯಾಗಿದ್ದರಿಂದಲೇ 2002ರಲ್ಲಿ ಆ ದೇಶ ಎಲ್ಲರಿಗೂ ಚಿಕಿತ್ಸೆಯ ಭರವಸೆ ಕೊಟ್ಟಾಗ ಜನಕ್ಕೆ ಹೋಗಲು ಹತ್ತಿರದಲ್ಲೊಂದು ಜಾಗವಿತ್ತು. ನೆಲೆಯೇ ಇಲ್ಲದ ಕಡೆ ವಿಮೆಯ ಕಾರ್ಡು ಹಂಚಿದರೆ ಕಾರ್ಡು ಹಿಡಿದವರು ಎಲ್ಲಿಗೆ ಹೋಗಬೇಕು ಹೇಳು?

ಈಗ ಔಷಧದ ಲೆಕ್ಕಕ್ಕೆ ಬರೋಣ. ಇದನ್ನು ನಿಧಾನವಾಗಿ ಓದು, ಹೆಚ್ಚಿನ ಕಡೆ ಎಡವುವುದು ಇಲ್ಲೇ. ಒಂದು ಕೇಂದ್ರ ಕಳೆದ ಆರು ತಿಂಗಳಲ್ಲಿ 1,200 ಓಆರ್‌ಎಸ್ ಪೊಟ್ಟಣ (ಭೇದಿಯಾದವರಿಗೆ ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿ) ಹಂಚಿದೆ ಎಂದಿಟ್ಟುಕೋ. ಗುಮಾಸ್ತರು ಆರರಿಂದ ಭಾಗಿಸಿ ತಿಂಗಳಿಗೆ 200 ಎಂದು ಬರೆಯುತ್ತಾರೆ. ಸ್ಟಾಕ್ ಪುಸ್ತಕ ತೆಗೆದು ನೋಡಿದರೆ ಆ ಆರರಲ್ಲಿ ಎರಡು ತಿಂಗಳು ಪೊಟ್ಟಣವೇ ಇರಲಿಲ್ಲ. ಹಂಚಿದ್ದು ನಾಲ್ಕೇ ತಿಂಗಳಲ್ಲಿ. ಅಂದರೆ ನಿಜವಾದ ಬೇಡಿಕೆ ತಿಂಗಳಿಗೆ 300. ನೀನು 200ರ ಲೆಕ್ಕದಲ್ಲಿ ತರಿಸಿದರೆ ಮತ್ತೆ ಖಾಲಿಯಾಗುತ್ತದೆ, ಮುಂದಿನ ಸಲದ ಸರಾಸರಿ ಇನ್ನಷ್ಟು ಕೆಳಗಿಳಿಯುತ್ತದೆ. ಹೀಗೆ ಕೊರತೆಯೇ ಮುಂದಿನ ಕೊರತೆಯನ್ನು ಹುಟ್ಟಿಸುತ್ತಾ ಹೋಗುತ್ತದೆ, ಕಾಗದದ ಮೇಲೆ ಮಾತ್ರ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಇನ್ನು ಎಷ್ಟು ತರಿಸಬೇಕು? ಬೇಡಿಕೆ ಕಳಿಸಿದ ಮೇಲೆ ಸರಕು ಬರಲು ಎರಡು ತಿಂಗಳು ಹಿಡಿಯುತ್ತದೆ, ಬೇಡಿಕೆ ಕಳಿಸುವುದು ತಿಂಗಳಿಗೊಮ್ಮೆ, ತುರ್ತಿಗೆಂದು ಒಂದು ತಿಂಗಳ ದಾಸ್ತಾನು. ಒಟ್ಟು ನಾಲ್ಕು ತಿಂಗಳದ್ದು, 1,200 ಪೊಟ್ಟಣ. ಇದು ಗರಿಷ್ಠ ಮಟ್ಟ. ಇದರಲ್ಲಿ ಕಪಾಟಿನಲ್ಲಿರುವುದನ್ನೂ ದಾರಿಯಲ್ಲಿರುವುದನ್ನೂ ಕಳೆ. ಕಪಾಟಿನಲ್ಲಿ 350, ದಾರಿಯಲ್ಲಿ 300 ಇದ್ದರೆ ಈ ತಿಂಗಳು ಕೇಳಬೇಕಾದ್ದು 550. ಕಪಾಟಿನ ಲೆಕ್ಕ ಪುಸ್ತಕದಿಂದ ತೆಗೆಯಬೇಡ, ಕೈಯಿಂದ ಎಣಿಸಲು ಹೇಳು. ಪುಸ್ತಕಕ್ಕೂ ಕಪಾಟಿಗೂ ವ್ಯತ್ಯಾಸ ಬಂದರೆ ಕಳ್ಳತನವೇ ಆಗಿರಬೇಕೆಂದಿಲ್ಲ, ಬರೆಯದೆ ಕೊಟ್ಟದ್ದೂ ಇರಬಹುದು, ಅವಧಿ ಮೀರಿ ಎಸೆದದ್ದೂ ಇರಬಹುದು. ಆದರೆ ಯಾವುದೆಂದು ನಿನಗೆ ಗೊತ್ತಿರಬೇಕು. ಭೇದಿ, ಮಲೇರಿಯಾದಂಥ ಋತುಮಾನದ ಕಾಯಿಲೆಗಳ ಔಷಧಕ್ಕೆ ಹೋದ ವರ್ಷದ ಅದೇ ತಿಂಗಳುಗಳ ಅಂಕಿ ನೋಡು, ಸರಾಸರಿಯನ್ನು ನಂಬಬೇಡ. ಕಪಾಟಿನಲ್ಲಿ ಬೇಗ ಅವಧಿ ಮುಗಿಯುವ ಡಬ್ಬಿ ಯಾವಾಗಲೂ ಮುಂದಿರಲಿ, ಅದು ನಿನ್ನೆ ಬಂದದ್ದಾದರೂ ಸರಿ.

ಹಣ ಎಲ್ಲಕ್ಕೂ ಸಾಲದಿದ್ದಾಗ ಎಲ್ಲ ಔಷಧಕ್ಕೂ ಸಮನಾಗಿ ಕತ್ತರಿ ಹಾಕುವುದು ಸುಲಭ, ಆದರೆ ಅದು ತಪ್ಪು. ಪಟ್ಟಿಯನ್ನು ಮೂರು ಮಾಡು: ಇಲ್ಲದಿದ್ದರೆ ಜೀವ ಹೋಗುವಂಥವು, ಅಗತ್ಯದವು, ಇದ್ದರೆ ಒಳ್ಳೆಯದು ಎನ್ನುವಂಥವು. ಮೊದಲನೆಯದಕ್ಕೆ ಪೂರ್ತಿ ದುಡ್ಡು ಇಟ್ಟ ಮೇಲೆ ಮಿಕ್ಕದ್ದರ ಯೋಚನೆ. ಅದೇ ಪಟ್ಟಿಯನ್ನು ಖರ್ಚಿನ ಪ್ರಕಾರವೂ ಜೋಡಿಸಿ ನೋಡು, ಸಾಮಾನ್ಯವಾಗಿ ಹತ್ತಿಪ್ಪತ್ತು ಶೇಕಡಾ ಔಷಧಗಳು ಮುಕ್ಕಾಲು ಪಾಲು ದುಡ್ಡು ನುಂಗಿರುತ್ತವೆ. ಅವುಗಳಲ್ಲಿ ಮೂರನೆಯ ಗುಂಪಿನ ಟಾನಿಕ್ಕು, ವಿಟಮಿನ್ ಚುಚ್ಚುಮದ್ದು ಕಂಡರೆ ಕತ್ತರಿ ಹಾಕಬೇಕಾದ ಜಾಗ ಸಿಕ್ಕಿತು.

ಖರೀದಿಯಲ್ಲಿ ತಮಿಳುನಾಡು 1995ರಿಂದ ನಡೆಸುತ್ತಿರುವ ಕ್ರಮವನ್ನು ಓದಿ ತಿಳಿದುಕೋ. ಒಂದೇ ನಿಗಮ ಜೆನೆರಿಕ್ ಹೆಸರಿನಲ್ಲಿ (ಕಂಪನಿಯ ಬ್ರ್ಯಾಂಡ್ ಅಲ್ಲ, ಔಷಧದ ಮೂಲ ಹೆಸರು) ಸಗಟಾಗಿ ಕೊಳ್ಳುತ್ತದೆ, ಪ್ರತಿ ಬ್ಯಾಚಿನ ಮಾದರಿ ಪ್ರಯೋಗಾಲಯದಲ್ಲಿ ಪಾಸಾದ ಮೇಲೆಯೇ ಗೋದಾಮಿನಿಂದ ಹೊರಡುತ್ತದೆ, ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್. ವರ್ಷಕ್ಕೆ ಇಷ್ಟು ಮೊತ್ತ ಎಂದು ಅದರಲ್ಲಿ ಜಮೆಯಾಗುತ್ತದೆ, ಯಾವ ಔಷಧ ಎಷ್ಟು ಬೇಕೆಂದು ಆಸ್ಪತ್ರೆಯೇ ತೀರ್ಮಾನಿಸುತ್ತದೆ. ಮೇಲಿನವರು ತಮಗೆ ತೋಚಿದ್ದನ್ನು ಕೆಳಗೆ ತಳ್ಳುವ ಪದ್ಧತಿಗೂ ಇದಕ್ಕೂ ಅಜಗಜಾಂತರ. ಇನ್ನೊಂದು ಮಾತು ಕಣೇ, ಸರಬರಾಜುದಾರರ ಬಿಲ್ಲು ಹೊತ್ತಿಗೆ ಸರಿಯಾಗಿ ಪಾವತಿ ಮಾಡಿಸು. ಆರು ತಿಂಗಳು ಕಾಯಿಸುವ ಇಲಾಖೆಗೆ ಅವರು ಆ ಆರು ತಿಂಗಳ ಬಡ್ಡಿಯನ್ನು ಮೊದಲೇ ದರದಲ್ಲಿ ಸೇರಿಸಿರುತ್ತಾರೆ.

ಅಗ್ಗದ ಔಷಧ ಸರಿಯಾದ ಜಾಗದಲ್ಲಿ ಸಾಕಷ್ಟು ಇದ್ದರೆ ಏನಾಗುತ್ತದೆ ಎನ್ನುವುದಕ್ಕೆ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ 1971ರಲ್ಲಿದ್ದ ನಿರಾಶ್ರಿತರ ಶಿಬಿರ ಸಾಕ್ಷಿ. ಕಾಲರಾ ಹಬ್ಬಿತ್ತು, ಸಲೈನ್ ಸಾಲದು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಕಲಸಿದ ನೀರನ್ನು, ಅಂದರೆ ಓಆರ್‌ಎಸ್ ದ್ರಾವಣವನ್ನು, ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ವಹಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ಇಂದು ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆಗೆ ಸತುವಿನ ಮಾತ್ರೆಯೂ ಸೇರಬೇಕು: ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ 10, 10ರಿಂದ 14 ದಿನ. ಭೇದಿ ನಿಂತಿತೆಂದು ತಾಯಂದಿರು ಮೂರನೆಯ ದಿನಕ್ಕೇ ಮಾತ್ರೆ ನಿಲ್ಲಿಸುತ್ತಾರೆ, ಆದ್ದರಿಂದ ಓಆರ್‌ಎಸ್ ಪೊಟ್ಟಣವನ್ನೂ ಪೂರ್ತಿ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಹಾಕಿ ಕೊಡಿಸು.

ಇನ್ನು ಫ್ರಿಜ್ಜು. ಲಸಿಕೆ ಇರಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಬಿಸಿಗೆ ಹಾಳಾಗುತ್ತದೆ ಎನ್ನುವ ಭಯ ಎಲ್ಲರಿಗೂ ಇದೆ, ಹೆಪ್ಪುಗಟ್ಟಿ ಹಾಳಾಗುವುದರ ಕಡೆ ಗಮನ ಕಡಿಮೆ. ಪೆಂಟಾವೇಲೆಂಟ್ (ಐದು ರೋಗಗಳಿಗೆ ಒಂದೇ ಲಸಿಕೆ), ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು, ಕರಗಿದ ಮೇಲೂ ಕೆಲಸಕ್ಕೆ ಬಾರವು. ಬಾಟಲಿಯ ಮೇಲಿನ ಬಣ್ಣ ಬದಲಿಸುವ ಗುರುತು ಬಿಸಿಯನ್ನಷ್ಟೇ ತೋರಿಸುತ್ತದೆ, ಹೆಪ್ಪುಗಟ್ಟಿದ್ದನ್ನು ತೋರಿಸುವುದಿಲ್ಲ. ತಪ್ಪು ಹೆಚ್ಚಾಗಿ ಆಗುವುದು ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ: ಡೀಪ್ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಹಾಗೇ ಲಸಿಕೆಯ ಪೆಟ್ಟಿಗೆಗೆ ತುರುಕುತ್ತಾರೆ. ಅದನ್ನು ಹೊರಗಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬಂದ ಮೇಲೆ ಮಾತ್ರ ಪೆಟ್ಟಿಗೆಗೆ ಹಾಕಬೇಕು. ಅನುಮಾನ ಬಂದ ಬಾಟಲಿಗೆ ಅಲುಗಾಟದ ಪರೀಕ್ಷೆ ಇದೆ: ಅದೇ ಬ್ಯಾಚಿನ ಇನ್ನೊಂದನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿ, ಎರಡನ್ನೂ ಒಟ್ಟಿಗೆ ಕುಲುಕಿ ಪಕ್ಕಪಕ್ಕ ನಿಲ್ಲಿಸು. ಅನುಮಾನದ್ದೂ ಅಷ್ಟೇ ಬೇಗ ತಳದಲ್ಲಿ ಗಷ್ಟು ಕಟ್ಟಿದರೆ ಎಸೆಯಬೇಕು. ಪೋಲಿಯೊ ಹನಿಗೆ ಈ ಪರೀಕ್ಷೆ ಅಲ್ಲ, ಅದು ಹೆಪ್ಪುಗಟ್ಟಿದರೂ ಕೆಡುವುದಿಲ್ಲ.

ಅದೇ ಫ್ರಿಜ್ಜಿನಲ್ಲಿ ಆಕ್ಸಿಟೋಸಿನ್ನಿಗೂ ಜಾಗ ಕೊಡಿಸು. ಹೆರಿಗೆಯ ನಂತರದ ರಕ್ತಸ್ರಾವದಿಂದ ತಾಯಂದಿರು ಸಾಯದಂತೆ ತಡೆಯುವ ಈ ಚುಚ್ಚುಮದ್ದಿಗೂ 2ರಿಂದ 8 ಡಿಗ್ರಿಯೇ ಬೇಕು. ‘ಲಸಿಕೆಯ ಫ್ರಿಜ್ಜು, ಬೇರೇನೂ ಇಡಬಾರದು’ ಎಂಬ ನಿಯಮದ ನೆಪದಲ್ಲಿ ಅದನ್ನು ಹೆರಿಗೆ ಕೋಣೆಯ ಕಿಟಕಿಯ ಹತ್ತಿರದ ಟ್ರೇಯಲ್ಲಿಟ್ಟಿರುತ್ತಾರೆ. ವಾರಗಟ್ಟಲೆ ಸೆಕೆಯಲ್ಲಿ ಕೂತ ಮದ್ದಿನ ಸತ್ವ ಇಳಿಯುತ್ತಾ ಹೋಗುತ್ತದೆ, ಸೂಲಗಿತ್ತಿ ಸರಿಯಾದ ಹೊತ್ತಿಗೆ ಸರಿಯಾದ ಡೋಸು ಕೊಟ್ಟರೂ ರಕ್ತ ನಿಲ್ಲುವುದಿಲ್ಲ. ತಪ್ಪು ಅವಳದ್ದಲ್ಲ, ಫ್ರಿಜ್ಜಿನಲ್ಲಿ ಜಾಗ ಕೊಡದವರದ್ದು. ಹೊಸ ಖರ್ಚು ಒಂದು ಪೈಸೆಯೂ ಇಲ್ಲದೆ ಇದನ್ನು ನಾಳೆಯೇ ಸರಿಪಡಿಸಬಹುದು.

ಸಿಬ್ಬಂದಿಯ ವಿಷಯ. ಎಲ್ಲ ಕಡೆಗೂ ವೈದ್ಯರನ್ನು ಹುಡುಕುತ್ತಾ ಕೂತರೆ ಕಾಲ ಹೋಗುತ್ತದೆ. ಇಥಿಯೋಪಿಯಾ 2003ರಲ್ಲಿ ಪ್ರತಿ ಗ್ರಾಮ ಘಟಕಕ್ಕೆ ಇಬ್ಬರು ಹೆಣ್ಣುಮಕ್ಕಳಂತೆ ಆರಿಸಿ, ಸುಮಾರು ಒಂದು ವರ್ಷ ತರಬೇತಿ ಕೊಟ್ಟು, ಸರ್ಕಾರಿ ಸಂಬಳದ ಮೇಲೆ ನೇಮಿಸಲು ಶುರುಮಾಡಿತು. ಆ ಸಂಬಳವೇ ಇಲ್ಲಿನ ತಿರುಳು. ಸೇವಾ ಮನೋಭಾವದ ಹೆಸರಿನಲ್ಲಿ ಪುಕ್ಕಟೆ ದುಡಿಸಿದರೆ ಒಳ್ಳೆಯವರೇ ಮೊದಲು ಬಿಟ್ಟು ಹೋಗುತ್ತಾರೆ, ಬಡ ಹೆಂಗಸರ ದುಡಿಮೆಯಿಂದ ಬಜೆಟ್ ಉಳಿಸುವುದು ನ್ಯಾಯವೂ ಅಲ್ಲ. ನರ್ಸುಗಳ ಕೈಗೆ ಒಂದು ಪುಟದ ಚಿಕಿತ್ಸಾ ಕ್ರಮ ಕೊಡು. ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ 5 ಮಿಲಿಗ್ರಾಂನಿಂದ ಶುರು, ಒಂದು ತಿಂಗಳಾದರೂ 140/90ಕ್ಕಿಂತ ಕೆಳಗೆ ಬರದಿದ್ದರೆ ಮುಂದಿನ ಮೆಟ್ಟಿಲು, ಹತೋಟಿಗೆ ಬಂದವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ. ಬಸುರಿಯರಿಗೆ ಮಾತ್ರ ಈ ಕ್ರಮ ಬೇಡ, ಅವರನ್ನು ನೇರ ವೈದ್ಯರ ಬಳಿಗೆ ಕಳಿಸಲಿ. ಎಲ್ಲರೂ ಒಂದೇ ಕ್ರಮ ಪಾಲಿಸಿದರೆ ಕೊಳ್ಳಬೇಕಾದ ಔಷಧದ ಬಗೆಗಳು ಕಡಿಮೆಯಾಗುತ್ತವೆ, ಮೇಲೆ ಹೇಳಿದ ದಾಸ್ತಾನಿನ ಲೆಕ್ಕವೂ ಹಗುರಾಗುತ್ತದೆ.

ಶುಲ್ಕ ವಸೂಲಿಯ ಸಲಹೆ ಖಂಡಿತ ಬರುತ್ತದೆ, ಒಪ್ಪಬೇಡ. ಉಗಾಂಡಾ 2001ರಲ್ಲಿ ಸರ್ಕಾರಿ ಕೇಂದ್ರಗಳ ಶುಲ್ಕ ತೆಗೆದಾಗ ಬಡವರೇ ಹೆಚ್ಚಾಗಿ ಬರತೊಡಗಿದರು. ಆದರೆ ಶುಲ್ಕ ತೆಗೆಯುವ ಮೊದಲು ಔಷಧದ ಹಣ ಏರಿಸಿರಬೇಕು, ಇಲ್ಲದಿದ್ದರೆ ಬಂದ ಜನಕ್ಕೆ ಖಾಲಿ ಕಪಾಟು ತೋರಿಸಿ ಹೊರಗಿನ ಅಂಗಡಿಗೆ ಚೀಟಿ ಬರೆಯುವುದಾಗುತ್ತದೆ. ಹಣ ಎಲ್ಲಿಂದ ಎಂದು ಹಣಕಾಸಿನವರು ಕೇಳಿದರೆ ತಂಬಾಕು, ಮದ್ಯದ ತೆರಿಗೆಯತ್ತ ಬೊಟ್ಟು ಮಾಡು. ಫಿಲಿಪ್ಪೀನ್ಸ್ 2012ರ ಕಾನೂನಿನಲ್ಲಿ ಆ ತೆರಿಗೆ ಏರಿಸಿ, ಹೆಚ್ಚುವರಿ ಆದಾಯದ ಬಹುಪಾಲನ್ನು ಆರೋಗ್ಯಕ್ಕೇ ಮೀಸಲಿಟ್ಟಿತು.

ಬಜೆಟ್ಟಿನಲ್ಲಿ ಬರೆದ ಹಣ ಪೂರ್ತಿ ಖರ್ಚಾಗದೆ ವಾಪಸಾಗುವುದೂ ಉಂಟು, ಅದರ ಮೇಲೆ ಕಣ್ಣಿಡು. ವರ್ಷದ ಕೊನೆಯ ತಿಂಗಳಲ್ಲಿ ಬಿಡುಗಡೆಯಾದ ದುಡ್ಡನ್ನು ಅವಸರದಲ್ಲಿ ಮುಗಿಸಲು ಹೋಗಿ ಬೇಡದ್ದನ್ನು ಕೊಳ್ಳುತ್ತಾರೆ, ಗೋದಾಮಿನಲ್ಲಿ ಅವಧಿ ಮುಗಿಯುವುದು ಅಂಥ ಸರಕೇ. ಔಷಧದ ಟೆಂಡರು ವರ್ಷ ಶುರುವಾಗುವ ಮೊದಲೇ ಮುಗಿದಿರಲಿ, ಹಣ ಬಂದ ದಿನವೇ ಆದೇಶ ಹೊರಡಲಿ.

ಈ ತಿಂಗಳು ಇಷ್ಟು ಮಾಡು. ಜೀವ ಉಳಿಸುವ 20 ಔಷಧಗಳ ಪಟ್ಟಿ ಹಿಡಿದು ಪ್ರತಿ ಕೇಂದ್ರದಿಂದ ಎರಡೇ ಅಂಕಿ ತರಿಸು: ಕಳೆದ ಆರು ತಿಂಗಳಲ್ಲಿ ಪ್ರತಿಯೊಂದೂ ಎಷ್ಟು ದಿನ ಇರಲಿಲ್ಲ, ಬೇಡಿಕೆ ಕಳಿಸಿದ ದಿನಕ್ಕೂ ಸರಕು ಬಂದ ದಿನಕ್ಕೂ ಎಷ್ಟು ಅಂತರ. ಬಂದ ಹಾಳೆಗಳನ್ನು ನನಗೂ ಕಳಿಸು, ಗರಿಷ್ಠ ಮಟ್ಟದ ಲೆಕ್ಕ ಇಬ್ಬರೂ ಕೂತು ಹಾಕೋಣ.

ನಿನ್ನ ಪ್ರೀತಿಯ,
ಅಮ್ಮ