ಬೇಸಿಗೆಯ ಕಾರು ಪ್ರವಾಸ: ಮೊದಲು ಎತ್ತರ ನೋಡಿ

ಮಾನ್ಯ ಸಂಪಾದಕರೇ,

ಮಕ್ಕಳಿಗೆ ರಜೆ ಹತ್ತಿರವಾಯಿತೆಂದರೆ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ‘ತಂಪಾದ ತಾಣಗಳು’ ಎಂಬ ಪಟ್ಟಿ ಬಂದೇ ಬರುತ್ತದೆ. ಊಟಿ, ಮಡಿಕೇರಿ, ಸಕಲೇಶಪುರ, ಆಗುಂಬೆ, ಚಿಕ್ಕಮಗಳೂರು ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಅದನ್ನು ನಂಬಿ ಮನೆಮಂದಿಯನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ಏಪ್ರಿಲ್ ಕೊನೆಯಲ್ಲಿ ಹೊರಟವರು ಸಕಲೇಶಪುರದ ಹೋಂಸ್ಟೇ ತಲುಪಿ, ಮಧ್ಯಾಹ್ನ ಫ್ಯಾನಿನ ಕೆಳಗೆ ಬೆವರು ಒರೆಸಿಕೊಳ್ಳುತ್ತಾರೆ. ಹಸಿರು ಬೇರೆ, ತಂಪು ಬೇರೆ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನ ಎತ್ತರವೇ 920. ಆಗುಂಬೆಯಂತೂ ಇನ್ನೂ ತಗ್ಗು, 650ರ ಆಸುಪಾಸು. ಅದು ಮಳೆಗಾಲದ ಊರು. ಏಪ್ರಿಲ್‌ನಲ್ಲಿ ಅಲ್ಲಿಗೆ ತಂಪು ಹುಡುಕಿಕೊಂಡು ಹೋಗುವುದರಲ್ಲಿ ಅರ್ಥವಿಲ್ಲ.

ಲೆಕ್ಕ ಸುಲಭವಾಗಿದೆ. ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಹೋಗುವ ಊರಿನ ಎತ್ತರದಲ್ಲಿ ನಿಮ್ಮೂರಿನ ಎತ್ತರ ಕಳೆದು ಈ ಪ್ರಮಾಣದಲ್ಲಿ ಗುಣಿಸಿದರೆ ಎಷ್ಟು ತಂಪು ಸಿಕ್ಕೀತು ಎಂಬ ಅಂದಾಜು ಸಿಗುತ್ತದೆ. ಕಾಡು, ಮೋಡ, ಮಧ್ಯಾಹ್ನದ ಮಳೆ ಇದಕ್ಕೆ ಒಂದೆರಡು ಡಿಗ್ರಿ ಕೂಡಿಸಬಹುದು, ಬೋಳುಗುಡ್ಡವಾದರೆ ಕಳೆಯಬಹುದು. ಆದರೆ ಅಡಿಪಾಯ ಎತ್ತರವೇ. ಚಿಕ್ಕಮಗಳೂರು ಪೇಟೆ 1,090 ಮೀಟರ್. ಬೆಂಗಳೂರಿನಿಂದ ಹೋದವರಿಗೆ ಸಿಗುವ ವ್ಯತ್ಯಾಸ ಒಂದೇ ಒಂದು ಡಿಗ್ರಿ. ಜನ ಅಲ್ಲಿ ತಂಪು ಎಂದು ನೆನಪಿಟ್ಟುಕೊಳ್ಳುವುದು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯ ಗಾಳಿಯನ್ನು, ರಾತ್ರಿ ಮಲಗುವುದು ಮಾತ್ರ ಕೆಳಗೆ. ಆ ಗಿರಿಗೆ ಹೋಗುವ ವಾಹನಗಳಿಗೂ 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ಮುಂಗಡ ನೋಂದಣಿ ಬಂದಿದೆ.

ಇದೇ ಲೆಕ್ಕದಿಂದ ಇನ್ನೊಂದು ಮಾತು ಹೊರಡುತ್ತದೆ. ಎಲ್ಲರಿಗೂ ಒಂದೇ ಪಟ್ಟಿ ಕೊಡುವುದು ಸರಿಯಲ್ಲ. ಮಂಗಳೂರಿನವರಿಗೆ 1,150 ಮೀಟರಿನ ಮಡಿಕೇರಿ ಏಳು ಡಿಗ್ರಿ ತಂಪು, ಮೇಲಾಗಿ ಕರಾವಳಿಯ ಸೆಕೆಯೂ ಇರುವುದಿಲ್ಲ. ಸಂಪಾಜೆ ಘಾಟಿ ಹತ್ತಿದರೆ ಮುಗಿಯಿತು. ಬಳ್ಳಾರಿ, ಕಲಬುರಗಿಯ ಕಡೆಯವರಿಗೆ ಚಿಕ್ಕಮಗಳೂರೂ ನಾಲ್ಕು ಡಿಗ್ರಿ ಕೊಡುತ್ತದೆ, 1,434 ಮೀಟರಿನ ಕೆಮ್ಮಣ್ಣುಗುಂಡಿ ಆರು ಡಿಗ್ರಿಯ ಮೇಲೆ ಕೊಡುತ್ತದೆ. ಅಲ್ಲಿ ತೋಟಗಾರಿಕೆ ಇಲಾಖೆಯ ಅತಿಥಿಗೃಹವಿದೆ. ಕೋಣೆಗಳು ಕಡಿಮೆ, ಲಿಂಗದಹಳ್ಳಿಯಿಂದ ಮೇಲಿನ ರಸ್ತೆ ಕಿರಿದು. ಕೋಣೆ ಖಚಿತವಾಗದೆ ಸಂಜೆ ಹೊತ್ತು ಹತ್ತಲೇಬಾರದು. ಬೆಳಗಾವಿಯವರು ನೀಲಗಿರಿಗೆ ಹಂಬಲಿಸಬೇಕಿಲ್ಲ. ಸಾತಾರದವರೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗಿ ಅಲ್ಲಿಂದ ಮಹಾಬಳೇಶ್ವರಕ್ಕೆ ತಿರುಗಿದರೆ 1,350 ಮೀಟರಿಗೆ ಏರಿದಂತಾಯಿತು.

ಬೆಂಗಳೂರು, ಮೈಸೂರು, ಮಂಡ್ಯ, ಹಾಸನದ ಕಡೆಯವರಿಗೆ ನಿಜವಾದ ತಂಪು ಬೇಕೆಂದರೆ 1,700 ಮೀಟರ್ ದಾಟಲೇಬೇಕು. ಕಾರಿನಲ್ಲಿ ಒಂದೇ ಹಗಲಿನಲ್ಲಿ ನೆಮ್ಮದಿಯಾಗಿ ಮುಟ್ಟುವಂಥದ್ದೆಂದರೆ ನೀಲಗಿರಿ. ಕೊಡೈಕೆನಾಲ್ 2,100 ಮೀಟರಿನ ಮೇಲಿದೆ, ನಿಜ. ಆದರೆ ಬೆಂಗಳೂರಿನಿಂದ 460 ಕಿಲೋಮೀಟರ್, ಹೋಗಲು ಒಂದು ದಿನ, ಬರಲು ಒಂದು ದಿನ. ನಾಲ್ಕು ರಾತ್ರಿಗಿಂತ ಕಡಿಮೆ ರಜೆಯಿದ್ದರೆ ಬೇಡ. ಯೇರ್ಕಾಡಿಗೆ 230 ಕಿಲೋಮೀಟರ್ ಸಾಕು, ಎತ್ತರ 1,500. ವಾರಾಂತ್ಯಕ್ಕೆ ಸರಿ, ವಾರವಿಡೀ ಉಳಿಯಲು ಅಷ್ಟು ಸಾಲದು.

ನೀಲಗಿರಿ ಎಂದಕೂಡಲೇ ಊಟಿ ಎಂದುಕೊಳ್ಳುತ್ತೇವೆ. ಅಲ್ಲೇ ಎಡವುವುದು. 2,240 ಮೀಟರಿನ ಊಟಿ ತಂಪಿನಲ್ಲಿ ಎಲ್ಲಕ್ಕಿಂತ ಮೇಲು. ಆದರೆ ಮೇ ತಿಂಗಳಲ್ಲಿ ಚೇರಿಂಗ್ ಕ್ರಾಸ್‌ನಿಂದ ಬೊಟಾನಿಕಲ್ ಗಾರ್ಡನ್ನಿಗೆ ಕಾರಿನಲ್ಲಿ ಹೋಗುವುದಕ್ಕಿಂತ ನಡೆದು ಹೋದರೆ ಬೇಗ ತಲುಪಬಹುದು. ಕುಟುಂಬದೊಂದಿಗೆ ಮೂರು ನಾಲ್ಕು ದಿನ ತಣ್ಣಗೆ ಇದ್ದು ಬರುವವರಿಗೆ ಕೋಟಗಿರಿಯೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಎತ್ತರ ಸುಮಾರು 1,790 ಮೀಟರ್. ಊಟಿಯಿಂದ 30, ಕೂನೂರಿನಿಂದ 20 ಕಿಲೋಮೀಟರ್. ಹಗಲು ತೆಳು ಸ್ವೆಟರ್ ಸಾಕು, ರಾತ್ರಿ ಕಂಬಳಿ ಬೇಕು. ಊಟಿಯ ಚಳಿ ತಡೆಯದ ವಯಸ್ಸಾದವರಿಗೂ ಇದು ಹಿತ. ನೈಋತ್ಯ ಮುಂಗಾರಿನ ಬಿರುಸನ್ನು ದೊಡ್ಡಬೆಟ್ಟದ ಸಾಲು ತಡೆಯುವುದರಿಂದ, ಜೂನ್ ಮೊದಲ ವಾರದಲ್ಲಿ ನೀಲಗಿರಿಯ ಪಶ್ಚಿಮ ಅಂಚಿನ ಗೂಡಲೂರು ತೊಯ್ದು ತೊಪ್ಪೆಯಾಗಿದ್ದರೂ ಕೋಟಗಿರಿಯಲ್ಲಿ ತಿರುಗಾಡಬಹುದು. ಸುತ್ತ ನೀಲಗಿರಿಯ ಬಡಗ ಸಮುದಾಯದವರ ಹಟ್ಟಿಗಳು. ಅವರ ಮಾತಿಗೂ ನಮ್ಮ ಮಾತಿಗೂ ನಂಟು ಎಷ್ಟು ಹತ್ತಿರದ್ದೆಂದರೆ ದಾರಿ ಕೇಳಲು ಕನ್ನಡವೇ ಸಾಕಾಗುತ್ತದೆ. ಕೊಯಮತ್ತೂರಿನ ಬ್ರಿಟಿಷ್ ಕಲೆಕ್ಟರ್ ಜಾನ್ ಸುಲಿವನ್ 1819ರಲ್ಲಿ ನೀಲಗಿರಿಯಲ್ಲಿ ಮೊದಲು ನೆಲೆಯೂರಿದ್ದು ಇಲ್ಲಿನ ಕನ್ನೇರಿಮುಕ್ಕುವಿನಲ್ಲಿ. ಆ ಬಂಗಲೆ ಇಂದಿಗೂ ಇದೆ. ಕೋಡನಾಡಿನ ವ್ಯೂಪಾಯಿಂಟಿನಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ನಿಂತರೆ ಕೆಳಗೆ ಮೋಯಾರ್ ಕಣಿವೆ, ತೆಂಗುಮರಹಾಡ ಹಳ್ಳಿ, ಆಚೆ ಮೈಸೂರು ಪ್ರಸ್ಥಭೂಮಿಯ ಅಂಚು ಕಾಣುತ್ತದೆ. ಹನ್ನೊಂದರ ಮೇಲೆ ಬಿಸಿಲಿನ ಮಬ್ಬು ಕವಿದು ಏನೂ ಕಾಣದು. ಊರಂಚಿನ ಲಾಂಗ್‌ವುಡ್ ಶೋಲಾ 116 ಹೆಕ್ಟೇರಿನ ಕಾಡು. 2024ರ ಜನವರಿಯಲ್ಲಿ ನಮ್ಮ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿಯ ಜೊತೆಗೇ ಅದಕ್ಕೂ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕ್ಯಾಥರೀನ್ ಜಲಪಾತ ಮಾತ್ರ ಬೇಸಿಗೆಯಲ್ಲಿ ಸೊರಗಿರುತ್ತದೆ, ಅದಕ್ಕೆಂದೇ ಹೋಗಬೇಡಿ.

ಕೋಟಗಿರಿಯೂ ನೀಲಗಿರಿ ಜಿಲ್ಲೆಯೇ ಆದ್ದರಿಂದ ಇ-ಪಾಸ್, ಅಂದರೆ ಹೊರಗಿನ ವಾಹನಗಳು ಆನ್‌ಲೈನ್‌ನಲ್ಲಿ ಪಡೆಯಬೇಕಾದ ಪ್ರವೇಶಪತ್ರ, ತಪ್ಪದು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಇದು ಜಾರಿಯಲ್ಲಿದೆ. 2025ರ ಬೇಸಿಗೆಯಲ್ಲಿ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ ಹಾಕಿದ್ದರು. ಕೊಡೈಕೆನಾಲಿಗೆ ಅದು 4,000 ಮತ್ತು 6,000. ತಮಿಳುನಾಡು ಸರ್ಕಾರದ ಇ-ಪಾಸ್ ಜಾಲತಾಣದಲ್ಲಿ ವಾಹನದ ಸಂಖ್ಯೆ, ಜನರ ಸಂಖ್ಯೆ, ಒಳಬರುವ ಮತ್ತು ಹೊರಡುವ ದಿನಾಂಕ, ತಂಗುವ ಜಾಗ ತುಂಬಿದರೆ ಕ್ಯೂಆರ್ ಕೋಡ್ ಬರುತ್ತದೆ. ಕೋಣೆ ಕಾದಿರಿಸುವ ಮೊದಲೇ ಆ ದಿನಕ್ಕೆ ಪಾಸ್ ಸಿಗುತ್ತದೆಯೇ ನೋಡಿ. ಹಣ ಕಟ್ಟಿದ ಮೇಲೆ ಪಾಸಿಗೆ ಹುಡುಕಾಡಿ, ವಾಪಸು ಸಿಗದ ಮುಂಗಡ ಕಳೆದುಕೊಳ್ಳುವವರು ಪ್ರತಿ ವರ್ಷ ಇದ್ದಾರೆ. ಕೋಡನ್ನು ಮನೆಯಲ್ಲೇ ಮೊಬೈಲಿನಲ್ಲಿ ಉಳಿಸಿಕೊಂಡು, ಒಂದು ಪ್ರತಿ ಮುದ್ರಿಸಿಟ್ಟುಕೊಳ್ಳಿ. ಕಾಡಿನ ನಡುವೆ ನೆಟ್‌ವರ್ಕ್ ಇರುವುದಿಲ್ಲ. ಪ್ಲಾಸ್ಟಿಕ್ ನೀರಿನ ಬಾಟಲಿಗಳನ್ನು ಚೆಕ್‌ಪೋಸ್ಟಿನಲ್ಲೇ ಇಳಿಸಿಕೊಳ್ಳುತ್ತಾರೆ. ಸ್ಟೀಲ್ ಬಾಟಲಿಯಲ್ಲಿ ನೀರು ಒಯ್ಯಿರಿ.

ದಿನ ಆರಿಸುವುದರಲ್ಲಿ ನಮಗೊಂದು ಅನುಕೂಲವಿದೆ, ಯಾರೂ ಬಳಸಿಕೊಳ್ಳುವುದಿಲ್ಲ. ಕರ್ನಾಟಕದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರಕ್ಕೇ ರಜೆ. ತಮಿಳುನಾಡಿನ ಶಾಲೆಗಳ ಪರೀಕ್ಷೆ ಆ ತಿಂಗಳ ಕೊನೆಯ ಭಾಗದವರೆಗೆ ನಡೆಯುತ್ತಿರುತ್ತದೆ. ಈ ನಡುವಿನ ಒಂದೆರಡು ವಾರ, ಗುಡ್ ಫ್ರೈಡೆ ಮತ್ತು ಏಪ್ರಿಲ್ 14ರ ತಮಿಳು ಹೊಸವರ್ಷದ ರಜೆಗಳನ್ನು ಬಿಟ್ಟು, ಸೋಮವಾರ ಹತ್ತಿ ಗುರುವಾರ ಇಳಿದರೆ ದರವೂ ಕಡಿಮೆ, ದಟ್ಟಣೆಯೂ ಕಡಿಮೆ. ಮೇ ತಿಂಗಳಲ್ಲಿ ಊಟಿಯ ಫಲಪುಷ್ಪ ಪ್ರದರ್ಶನ, ಕೂನೂರಿನ ಸಿಮ್ಸ್ ಪಾರ್ಕಿನ ಹಣ್ಣಿನ ಪ್ರದರ್ಶನ ಇರುವ ವಾರಗಳನ್ನು ತಪ್ಪಿಸಿ. ಆದರೆ ಏಪ್ರಿಲ್‌ನಲ್ಲಿ ಬೆಟ್ಟದ ಊರುಗಳಲ್ಲಿ ನೀರಿಗೆ ತತ್ವಾರ. ಕೋಣೆ ಹಿಡಿಯುವಾಗ ಕಿಟಕಿಯ ನೋಟ ಕೇಳುವ ಮೊದಲು ಮೂರು ವಿಷಯ ಕೇಳಿ: ನೀರು ಕೊಳವೆಬಾವಿಯದೋ ಟ್ಯಾಂಕರಿನದೋ, ಕರೆಂಟು ಹೋದರೆ ಗೀಸರ್ ನಡೆಯುತ್ತದೆಯೇ, ಕಾರು ಅಂಗಳದವರೆಗೆ ಬರುತ್ತದೆಯೇ. ಚಹಾತೋಟದೊಳಗಿನ ಎಷ್ಟೋ ಮನೆಗಳಿಗೆ ಕೊನೆಯ ಅರ್ಧ ಕಿಲೋಮೀಟರ್ ಜೀಪಿಗೇ ಸರಿ. ತಳ ತಗ್ಗಿರುವ ಕಾರಿನ ಎಣ್ಣೆ ತೊಟ್ಟಿಗೆ ಒಂದು ಕಲ್ಲು ತಾಗಿದರೂ ಸಾಕು, ಪ್ರವಾಸ ಅಲ್ಲಿಗೆ ಮುಗಿಯಿತು.

ದಾರಿ ಎರಡು. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡು, ಗೂಡಲೂರು, ಊಟಿ, ಕೋಟಗಿರಿ, ಒಟ್ಟು ಸುಮಾರು 190 ಕಿಲೋಮೀಟರ್. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, 2009ರಿಂದಲೂ. ಮೈಸೂರನ್ನು ನಾಲ್ಕೂವರೆಗೆ ಬಿಟ್ಟು ಗೇಟು ತೆರೆಯುವ ಹೊತ್ತಿಗೆ ಸಾಲಿನಲ್ಲಿದ್ದರೆ ಒಂಬತ್ತೂವರೆಗೆಲ್ಲ ಊಟಿ ದಾಟಬಹುದು. ಹನ್ನೊಂದರ ಮೇಲಾದರೆ ಊಟಿಯೊಳಗೇ ಒಂದು ಗಂಟೆ ಹೋಗುತ್ತದೆ. ಕಾಡಿನಲ್ಲಿ ಕಾರು ನಿಲ್ಲಿಸುವುದು, ಆನೆಯ ಫೋಟೊಗೆ ಇಳಿಯುವುದು ದಂಡಕ್ಕಷ್ಟೇ ಅಲ್ಲ, ಜೀವಕ್ಕೂ ಸಂಚಕಾರ. ತೆಪ್ಪಕಾಡಿನಲ್ಲಿ ಎಡಕ್ಕೆ ತಿರುಗಿ ಮಸಿನಗುಡಿ, ಕಲ್ಲಟ್ಟಿ ಮೂಲಕ ಹೋದರೆ 30 ಕಿಲೋಮೀಟರ್ ಉಳಿಯುತ್ತದೆ ಎಂದು ಮೊಬೈಲಿನ ನಕ್ಷೆ ಆಸೆ ತೋರಿಸುತ್ತದೆ. ಅಲ್ಲಿ 36 ಕಡಿದಾದ ತಿರುವುಗಳು. ಐದು ಜನ, ಸಾಮಾನು, ಎಸಿ ಹೊತ್ತ ಸಣ್ಣ ಕಾರು ಒಂದನೇ ಗೇರಿನಲ್ಲಿ ಏದುಸಿರು ಬಿಡುತ್ತದೆ. ಮುಂದಿನ ಗಾಡಿ ನಿಂತಿತೆಂದು ಚಾಲಕ ಅರ್ಧ ಕ್ಲಚ್‌ನಲ್ಲಿ ಹಿಡಿದು ನಿಂತರೆ ಕ್ಲಚ್ ಪ್ಲೇಟು ಸುಟ್ಟ ವಾಸನೆ ಬರಲು ಹೆಚ್ಚು ಹೊತ್ತು ಬೇಡ. ಏರಿನಲ್ಲಿ ನಿಂತಾಗ ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ ಪೂರ್ತಿ ಒತ್ತಿ, ಮತ್ತೆ ಹೊರಡಬೇಕು. ಆ ಘಾಟಿಯಲ್ಲಿ ಹೊರಗಿನ ಗಾಡಿಗಳು ಕೆಳಗೆ ಇಳಿಯುವುದಕ್ಕೆ ಅನುಮತಿಯೇ ಇಲ್ಲ. ಗೂಡಲೂರು ದಾರಿಯೇ ಲೇಸು.

ಬೆಂಗಳೂರಿನವರು ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರದ ರಾಷ್ಟ್ರೀಯ ಹೆದ್ದಾರಿ 948 ಹಿಡಿದು, ಹಾಸನೂರು ದಾಟಿ ದಿಂಬಂ ಘಾಟಿ ಇಳಿದು, ಸತ್ಯಮಂಗಲ, ಮೆಟ್ಟುಪಾಳ್ಯದಿಂದ ಕೋಟಗಿರಿಗೆ ಹತ್ತಬಹುದು. ಊಟಿಯ ದಟ್ಟಣೆ ಪೂರ್ತಿ ತಪ್ಪುತ್ತದೆ. ದಿಂಬಂನಲ್ಲಿ 27 ತಿರುವು. ಹಗಲು ಲಾರಿಗಳಿರುತ್ತವೆ, ತಿರುವಿನಲ್ಲಿ ಅವುಗಳ ಪಕ್ಕ ನುಗ್ಗಬೇಡಿ. ಕಾರುಗಳಿಗೂ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧ. ಸತ್ಯಮಂಗಲದಿಂದ ಮೆಟ್ಟುಪಾಳ್ಯದವರೆಗೆ ಬಯಲಿನ ಉರಿಬಿಸಿಲು, ಅದನ್ನು ಮಧ್ಯಾಹ್ನಕ್ಕೆ ಮೊದಲೇ ದಾಟಿಕೊಳ್ಳಿ. ಬೇಸಿಗೆ ಸೀಸನ್ನಿನಲ್ಲಿ ಪೊಲೀಸರು ಮೆಟ್ಟುಪಾಳ್ಯದಿಂದ ಹತ್ತುವವರನ್ನು ಕೂನೂರು ಕಡೆಗೂ, ಇಳಿಯುವವರನ್ನು ಕೋಟಗಿರಿ ಕಡೆಗೂ ಏಕಮುಖವಾಗಿ ಬಿಡುವುದುಂಟು. ಆಗ 20 ಕಿಲೋಮೀಟರ್ ಸುತ್ತು ಬೀಳುತ್ತದೆ, ಅದಕ್ಕೆ ಸಮಯ ಇಟ್ಟುಕೊಂಡಿರಿ.

ಹತ್ತುವುದಕ್ಕೆ ಎಲ್ಲರೂ ಸಿದ್ಧತೆ ಮಾಡುತ್ತಾರೆ. ಅನಾಹುತ ಆಗುವುದು ಇಳಿಯುವಾಗ. ಕೋಟಗಿರಿಯಿಂದ ಮೆಟ್ಟುಪಾಳ್ಯಕ್ಕೆ 33 ಕಿಲೋಮೀಟರಿನಲ್ಲಿ ಸುಮಾರು 1,450 ಮೀಟರ್ ಇಳಿಯಬೇಕು. ಬಯಲಿನ ಚಾಲಕರು ಮೂರನೇ, ನಾಲ್ಕನೇ ಗೇರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟೇ ಇಳಿಯುತ್ತಾರೆ. ಹತ್ತು ಹನ್ನೆರಡು ಕಿಲೋಮೀಟರಿಗೆಲ್ಲ ಬ್ರೇಕ್ ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ಅದು ಹೀರಿಕೊಂಡ ತೇವವೇ ಕುದಿದು ಆವಿಯಾಗುತ್ತದೆ, ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಳೆಯ ಚಾಲಕರ ಮಾತು ಅಕ್ಷರಶಃ ಸರಿ. ಎರಡನೇ ಗೇರ್, ಕಡಿದಾದಲ್ಲಿ ಒಂದು. ಎಂಜಿನ್ನೇ ಗಾಡಿಯನ್ನು ತಡೆಯಲಿ. ಬ್ರೇಕನ್ನು ತಿರುವಿಗೆ ಮೊದಲು ಒಮ್ಮೆ ಗಟ್ಟಿಯಾಗಿ ಒತ್ತಿ ಬಿಟ್ಟುಬಿಡಿ. ಆಟೊಮ್ಯಾಟಿಕ್ ಗಾಡಿಯಾದರೆ ‘ಡಿ’ಯಲ್ಲಿ ಇಳಿಯದೆ ‘ಎಲ್’ಗೋ ಮ್ಯಾನುಯಲ್‌ಗೋ ಹಾಕಿ. ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುವ ಯೋಚನೆ ಬೇಡವೇ ಬೇಡ. ಈಗಿನ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಹೇಗೂ ಇಂಧನ ಕುಡಿಯುವುದಿಲ್ಲ. ವಾಸನೆ ಬಂದರೆ ಅಗಲವಿರುವಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಅರ್ಧ ಗಂಟೆ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾಗುತ್ತದೆ. ವಿದ್ಯುತ್ ಕಾರಿನವರಿಗೆ ಇನ್ನೊಂದು ಎಚ್ಚರಿಕೆ: ಬೆಟ್ಟದ ಮೇಲೆ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿ ಇಳಿಯಬೇಡಿ. ತುಂಬಿದ ಬ್ಯಾಟರಿ ಇಳಿಜಾರಿನ ವಿದ್ಯುತ್ತನ್ನು ಹಿಡಿದುಕೊಳ್ಳದು, ಆಗ ಮೋಟಾರಿನ ತಡೆ ಕೈಕೊಟ್ಟು ಭಾರವೆಲ್ಲ ಬ್ರೇಕಿನ ಮೇಲೇ ಬೀಳುತ್ತದೆ. 80ರ ಹತ್ತಿರ ನಿಲ್ಲಿಸಿದರೆ ಸಾಕು.

ಕಿರಿದಾದ ಘಾಟಿಯಲ್ಲಿ ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕೆಂಬುದು ಬರೀ ಸೌಜನ್ಯವಲ್ಲ, ನಿಯಮ. ಮಂಜು ಕವಿದರೆ ಲೋ ಬೀಮ್ ಹಾಕಿ. ಹೈ ಬೀಮ್ ಮಂಜಿಗೆ ಬಡಿದು ಕಣ್ಣಿಗೇ ಹೊಡೆಯುತ್ತದೆ. ತಲೆಸುತ್ತು, ವಾಂತಿಯಾಗುವ ಮಕ್ಕಳಿಗೆ ವೈದ್ಯರು ಬರೆದ ಮಾತ್ರೆಯನ್ನು ಘಾಟಿ ಶುರುವಾಗುವ ಅರ್ಧ ಗಂಟೆ ಮೊದಲೇ ಕೊಡಿ. ವಾಂತಿ ಶುರುವಾದ ಮೇಲೆ ಅದು ಒಳಗೆ ನಿಲ್ಲುವುದಿಲ್ಲ. ಮೊಬೈಲ್ ಕೈಗೆ ಕೊಡಬೇಡಿ. ಹಸುಗೂಸುಗಳಿಗೆ ಇಳಿಯುವಾಗ ಹಾಲು ಕುಡಿಸುತ್ತಿದ್ದರೆ ಕಿವಿ ಕಟ್ಟಿ ಅಳುವುದು ಕಡಿಮೆ.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟು. ಈ ಬೇಸಿಗೆಯ ಪ್ರವಾಸ ಪುಟದಲ್ಲಿ ಪ್ರತಿ ಊರಿನ ಹೆಸರಿನ ಮುಂದೆ ಅದರ ಎತ್ತರವನ್ನು ಮೀಟರಿನಲ್ಲಿ, ದಾರಿಯ ಅರಣ್ಯ ಗೇಟು ಮುಚ್ಚುವ ಹೊತ್ತನ್ನು, ಇ-ಪಾಸ್ ಬೇಕೋ ಬೇಡವೋ ಎಂಬುದನ್ನು ದಯವಿಟ್ಟು ಮುದ್ರಿಸಿ. ಬಂಡೀಪುರದ ಗೇಟಿನ ಮುಂದೆ ರಾತ್ರಿ ಒಂಬತ್ತೂಕಾಲಿಗೆ ಬಂದು ನಿಲ್ಲುವ ಕುಟುಂಬಗಳು ನಮ್ಮ ಓದುಗರದೇ.

— ಓದುಗ, ಮೈಸೂರು