ಫ್ಯಾನು ಆರಿಸುವುದು ಯಾರ ಕೆಲಸ?

ಮಾನ್ಯ ಸಂಪಾದಕರೇ,

ಗಾಳಿಯ ಮಾಲಿನ್ಯ ಮಿತಿಮೀರಿದ ನಗರಗಳಿಗಾಗಿ ಕೇಂದ್ರ ಸರ್ಕಾರ ರೂಪಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿರುವ ರಾಜ್ಯದ ನಾಲ್ಕು ನಗರಗಳಲ್ಲಿ ದಾವಣಗೆರೆಯೂ ಒಂದು. ಹೊಗೆಯ ಮಾತು ಬಂದಾಗಲೆಲ್ಲ ಮಂಡಕ್ಕಿ ಭಟ್ಟಿಗಳತ್ತ ಬೆರಳು ತೋರಿಸುವ ನಾವು, ನಮ್ಮ ಕಚೇರಿಗಳಲ್ಲಿ ಕರೆಂಟು, ಕಾಗದ, ನೀರು ಪೋಲಾಗುವುದನ್ನು ಕಂಡೂ ಕಾಣದಂತಿರುತ್ತೇವೆ.

ಇದಕ್ಕೆ ತಿಳಿವಳಿಕೆಯ ಕೊರತೆ ಕಾರಣವೆಂದು ಗುಮಾಸ್ತನಾಗಿ ದುಡಿದ ನನಗೆ ಅನ್ನಿಸುವುದಿಲ್ಲ. ಸಭೆ ಮುಗಿದರೂ ಫ್ಯಾನುಗಳು ತಿರುಗುತ್ತಲೇ ಇರುತ್ತವೆ. ಮೇಜಿನುದ್ದಕ್ಕೂ ಎರಡು ಗುಟುಕು ಕುಡಿದು ಬಿಟ್ಟ ನೀರಿನ ಬಾಟಲಿಗಳು. ಸ್ವಿಚ್ಚು ಬಾಗಿಲ ಪಕ್ಕದಲ್ಲೇ ಇದ್ದರೂ ಸಾಹೇಬರು ಅದಕ್ಕೆ ಕೈ ಹಾಕುವುದಿಲ್ಲ, ಏಕೆಂದರೆ ಅದು ‘ಡಿ’ ದರ್ಜೆ ನೌಕರನ ಕೆಲಸ, ತಾವು ಮಾಡಿದರೆ ಕುರ್ಚಿಯ ಘನತೆಗೆ ಕುಂದು ಎಂಬ ಭಾವನೆ ಅವರಲ್ಲಿ ಬೇರೂರಿರುತ್ತದೆ. ಮನೆಯಲ್ಲಿ ಲೈಟು ಆರಿಸದ ಮಕ್ಕಳನ್ನು ಗದರುವವರೂ ಇವರೇ!

ಶಿಸ್ತಿನ, ಅಚ್ಚುಕಟ್ಟಿನ ಸ್ವಭಾವದವರು ಯಾರೂ ಹೇಳದಿದ್ದರೂ ಸ್ವಿಚ್ಚು ಆರಿಸಿ ಹೋಗುತ್ತಾರೆ, ನಿಜ. ಆದರೆ ಅಂಥವರಿಗೆ ‘ಬಂದರಪ್ಪ ಪರಿಸರಪ್ರೇಮಿಗಳು’ ಎಂಬ ಕುಹಕ ಕಾದಿರುತ್ತದೆ, ಉಳಿದವರ ಪಾಲಿನ ಕೆಲಸವೂ ಅವರ ತಲೆಗೇ ಬೀಳುತ್ತದೆ. ಮನುಷ್ಯ ತನ್ನ ನಡವಳಿಕೆಯನ್ನು ತಾನೇ ನೋಡಿ ‘ನಾನು ಇಂಥವನು’ ಎಂದು ತೀರ್ಮಾನಿಸಿಕೊಳ್ಳುತ್ತಾನೆ ಎಂದು ಮನೋವಿಜ್ಞಾನಿ ಡ್ಯಾರಿಲ್ ಬೆಮ್ 1972ರಲ್ಲಿ ವಿವರಿಸಿದ್ದರು. ಬಹುಮಾನದ ಆಸೆಗೋ ದಂಡದ ಭಯಕ್ಕೋ ಸ್ವಿಚ್ಚು ಆರಿಸಿದವನು ಅದರ ಕಾರಣವನ್ನು ಬಹುಮಾನ, ದಂಡಗಳಿಗೆ ಕಟ್ಟುತ್ತಾನೆ. ತಾನಾಗಿ ಆರಿಸಿದವನಿಗೆ ಮಾತ್ರ ಅದು ತನ್ನ ಗುಣವಾಗಿ ಉಳಿಯುತ್ತದೆ. ವಿಶ್ವ ಪರಿಸರ ದಿನವಾದ ಜೂನ್ 5ರಂದು ಸಸಿ ನೆಟ್ಟು ಫೋಟೊ ತೆಗೆಸಿಕೊಂಡವರ ಕಥೆ ಬೇರೆ, ವರ್ಷದ ಪುಣ್ಯವೆಲ್ಲ ಅವತ್ತೇ ಜಮೆಯಾಗಿಬಿಡುತ್ತದೆ.

ಎಲ್ಲರ ಸ್ವಭಾವವನ್ನು ತಿದ್ದುತ್ತಾ ಕೂರುವುದೂ ಆಗದ ಮಾತು, ಅದರ ಬದಲು ಯಂತ್ರಗಳನ್ನೇ ಮೊದಲೇ ಹೊಂದಿಸಿಡಬಹುದು. 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಕೋಣೆಯ ಎ.ಸಿ.ಗಳು ಕಾರ್ಖಾನೆಯಿಂದಲೇ 24 ಡಿಗ್ರಿಗೆ ಹೊಂದಿಸಿಕೊಂಡು ಬರಬೇಕೆಂಬ ನಿಯಮ ಬಂದಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆಂಬುದು ಇಂಧನ ದಕ್ಷತಾ ಬ್ಯೂರೊದ ಲೆಕ್ಕ. ಪ್ರಿಂಟರುಗಳನ್ನೂ ಹೀಗೆಯೇ ಎರಡೂ ಬದಿಗೆ ಮುದ್ರಿಸುವಂತೆ ಹೊಂದಿಸಿಟ್ಟರೆ ಸುತ್ತೋಲೆಯ ಅಗತ್ಯವೇ ಬೀಳದು.

ಫ್ಯಾನಿನ ವಿಷಯದಲ್ಲಿ ಮಾತ್ರ ಹಿರಿಯ ಅಧಿಕಾರಿಗಳೇ ಎಲ್ಲರೆದುರು ಎದ್ದು ಸ್ವಿಚ್ಚು ಆರಿಸಬೇಕಾದೀತು. ಜಿಲ್ಲಾ ಮಟ್ಟದ ಮುಂದಿನ ಪ್ರಗತಿ ಪರಿಶೀಲನಾ ಸಭೆಯಿಂದಲೇ ಇದು ಆರಂಭವಾಗಲಿ, ಹಾಗೆಯೇ ಮೇಜಿನ ಮೇಲೆ ಬಾಟಲಿಗಳ ಬದಲು ಜಗ್ಗು ಮತ್ತು ಸ್ಟೀಲ್ ಲೋಟಗಳನ್ನು ಇಡಿಸಲಿ ಎಂದು ಕೋರುತ್ತೇನೆ.

– ನಿವೃತ್ತ ಗುಮಾಸ್ತ, ವಿದ್ಯಾನಗರ, ದಾವಣಗೆರೆ